ಸೈನಿಕ ಮಾದರಿಯ ಭಾರತೀಯ ಕೈಗಡಿಯಾರಗಳು: ಅವುಗಳ ರೂಪಭೇದವೂ ಪ್ರಾಮಾಣ್ಯವಿಚಾರವೂ

೧. ಪೀಠಿಕೆ

ಕಾಲವನ್ನು ಅಳೆಯುವ ಕೆಲಸಕ್ಕೂ ಕಾವಲು ಕಾಯುವ ಕೆಲಸಕ್ಕೂ ಉಳ್ಳ ಸಂಬಂಧವು ಬಹು ಹಳೆಯದು. ಇದಕ್ಕೆ ಭಾಷೆಯೇ ಸಾಕ್ಷಿಯಾಗಿದೆ. ಅಹೋರಾತ್ರದ ಎಂಟನೆಯ ಒಂದು ಪಾಲಿಗೆ ಸಂಸ್ಕೃತದಲ್ಲಿ ಪ್ರಹರವೆಂದೂ ಯಾಮವೆಂದೂ ಹೆಸರು. ಪ್ರಹರ ಶಬ್ದವು ಉತ್ತರ ದೇಶದ ಭಾಷೆಗಳಲ್ಲಿ ರೂಪಾಂತರ ಹೊಂದಿ ಕನ್ನಡಕ್ಕೆ 'ಪಹರೆ' ಎಂದು ಬಂದಾಗ ಅದಕ್ಕೆ ಕಾವಲು ಎಂಬ ಅರ್ಥವೇ ನಿಂತಿತು. ಯಾಮವು ಕನ್ನಡದಲ್ಲಿ 'ಜಾವ'ವಾಯಿತು. ಯಾಮಿಕನೆಂದರೆ ಇರುಳಿನ ಕಾವಲುಗಾರ. ಇಂಗ್ಲಿಷಿನ 'ವಾಚ್' ಎಂಬ ಮಾತು ಸಹ ಕಾವಲನ್ನೂ ಗಡಿಯಾರವನ್ನೂ ಒಟ್ಟಿಗೆ ಸೂಚಿಸುತ್ತದೆ. ನೇಮಿಸಿದ ಹೊತ್ತು ಎಂಬುದು ಸಾಮಾನ್ಯರ ಪಾಲಿಗೆ ಒಂದು ಅನುಕೂಲ. ಸೈನಿಕನ ಪಾಲಿಗೆ ಅದು ಆಜ್ಞೆಯ ಒಂದು ಅಂಗ.

ಸೈನಿಕನಿಗಾಗಿ, ಅಥವಾ ಸೈನಿಕನ ಹೆಸರಿನಲ್ಲಿ, ಭಾರತದಲ್ಲಿ ಮಾರಾಟವಾದ ಮತ್ತು ತಯಾರಾದ ಕೈಗಡಿಯಾರಗಳನ್ನು ಸಂಗ್ರಹಿಸುವ ಆಸಕ್ತಿಯು ಈಚೆಗೆ ದೇಶದಲ್ಲಿಯೂ ವಿದೇಶಗಳಲ್ಲಿಯೂ ಹೆಚ್ಚಿರುವುದು. ಆದರೆ ಸಂಗ್ರಾಹಕರ ಲಕ್ಷ್ಯವು ಬಹುಮಟ್ಟಿಗೆ ಬೆಲೆಯ ಕಡೆಗೆ ಹರಿದಿದೆ. ಈ ವಸ್ತುಗಳು ಚರಿತ್ರೆಯ ಸಾಧನಗಳಾಗಬಲ್ಲವೆ, ಆಗಬಲ್ಲವಾದರೆ ಅವುಗಳಲ್ಲಿ ಯಾವುದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬ ವಿಚಾರವು ಕ್ರಮವಾಗಿ ನಡೆದಂತೆ ಕಾಣುವುದಿಲ್ಲ. ಓಲೆಗರಿಯನ್ನೂ ತಾಮ್ರಪಟವನ್ನೂ ಪರಿಶೀಲಿಸುವವರಿಗೆ ಚಿರಪರಿಚಿತವಾದ ಪಾಠಾಂತರ, ಪ್ರಕ್ಷೇಪ, ಕೂಟಲೇಖ ಎಂಬ ಸಮಸ್ಯೆಗಳೇ ಇಲ್ಲಿಯೂ ಎದುರಾಗುತ್ತವೆ. ಈ ಗಡಿಯಾರಗಳಿಗೆ ಸಲ್ಲುವ 'ಸೈನಿಕ' ಎಂಬ ವಿಶೇಷಣದ ಅರ್ಥವನ್ನು ನಿಷ್ಕರ್ಷಿಸುವುದು, ಅವುಗಳ ರೂಪಭೇದಗಳನ್ನು ಮೂಲದೊಡನೆ ಹೋಲಿಸುವುದು, ಸಾಕ್ಷ್ಯವು ಅಳಿಯುತ್ತಿರುವ ಬಗೆಯನ್ನು ತಿಳಿಸುವುದು, ಇವು ಈ ಲೇಖನದ ಉದ್ದೇಶಗಳು.

೨. ಸೈನಿಕ ಗಡಿಯಾರವೆಂದರೇನು?

ಸೈನಿಕ ಗಡಿಯಾರವೆಂದು ಕರೆಯಿಸಿಕೊಳ್ಳುವ ವಸ್ತುಗಳಲ್ಲಿ ಮೂರು ವರ್ಗಗಳುಂಟು. ಧರ್ಮಶಾಸ್ತ್ರಕಾರರು ಪುತ್ರರನ್ನು ದತ್ತ, ಕ್ರೀತ, ಕೃತ್ರಿಮ ಎಂದು ವಿಂಗಡಿಸುವುದನ್ನು ನೆನೆದು, ಇವನ್ನು ದತ್ತ, ಕ್ರೀತ, ಅನುಕೃತ ಎಂದು ಹೆಸರಿಸಬಹುದು. ಸರಕಾರವು ತಾನೇ ಲಕ್ಷಣಗಳನ್ನು ಗೊತ್ತುಪಡಿಸಿ, ಮಾಡಿಸಿ, ಗುರುತು ಹಾಕಿ, ಸೈನಿಕನ ಕೈಗೆ ಕೊಟ್ಟು, ಸೇವೆ ಮುಗಿದ ಮೇಲೆ ಹಿಂದಕ್ಕೆ ಪಡೆಯುವ ಗಡಿಯಾರವು ದತ್ತ. ವರ್ತಕನು ಸೈನಿಕರನ್ನು ಮನಸ್ಸಿನಲ್ಲಿಟ್ಟುಕೊಂಡು ತರಿಸಿದ, ಸೈನಿಕನು ತನ್ನ ಸಂಬಳದಿಂದ ಕೊಂಡ ಗಡಿಯಾರವು ಕ್ರೀತ. ಸೈನಿಕ ಗಡಿಯಾರದ ಆಕಾರವನ್ನೂ ಹೆಸರನ್ನೂ ತಾಳಿ ಎಲ್ಲ ಜನರಿಗೂ ಮಾರಾಟವಾದದ್ದು ಅನುಕೃತ.

ಈ ಮೂರನ್ನು ಬೆರೆಸುವುದರಿಂದ ಅನೇಕ ಭ್ರಾಂತಿಗಳು ಹುಟ್ಟಿವೆ. ದತ್ತವೇ ಶ್ರೇಷ್ಠ, ಉಳಿದವು ಕೀಳು ಎಂಬ ಭಾವನೆಯಿಂದ ಕ್ರೀತಕ್ಕೂ ಅನುಕೃತಕ್ಕೂ ಇಲ್ಲದ ಗುರುತುಗಳನ್ನು ಅಂಟಿಸುವ ಪರಿಪಾಟಿಯು ಬೆಳೆದಿದೆ. ವಾಸ್ತವದಲ್ಲಿ ಭಾರತದಲ್ಲಿ ದೊರೆಯುವ ಈ ಬಗೆಯ ಗಡಿಯಾರಗಳಲ್ಲಿ ಹೆಚ್ಚಿನವು ಎರಡನೆಯ ಮತ್ತು ಮೂರನೆಯ ವರ್ಗಕ್ಕೆ ಸೇರಿದವು. ಹಾಗಿದ್ದರೂ ಅವುಗಳ ಚಾರಿತ್ರಿಕ ಬೆಲೆಗೆ ಯಾವ ಕುಂದೂ ಇಲ್ಲವೆಂಬುದು ಮುಂದೆ ವಿದಿತವಾಗುವುದು.

೩. ಮೂಲ ಮಾದರಿಯ ಉತ್ಪತ್ತಿ

ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಯೂರೋಪಿನಲ್ಲಿ ಕೈಗೆ ಕಟ್ಟುವ ಗಡಿಯಾರವು ಹೆಂಗಸರ ಆಭರಣವೆಂದು ಎಣಿಸಲ್ಪಟ್ಟಿತ್ತು. ಗಂಡಸರು ಜೇಬುಗಡಿಯಾರವನ್ನೇ ಇಟ್ಟುಕೊಳ್ಳುತ್ತಿದ್ದರು. ಕುದುರೆಯ ಮೇಲೆ ಕುಳಿತವನಿಗೂ, ಒಂದು ಕೈಯಲ್ಲಿ ಬಂದೂಕನ್ನು ಹಿಡಿದವನಿಗೂ, ಜೇಬಿನಿಂದ ಗಡಿಯಾರವನ್ನು ತೆಗೆದು ನೋಡುವುದು ಕಷ್ಟ. ೧೯೧೪ರಿಂದ ೧೯೧೮ರವರೆಗೆ ನಡೆದ ಮೊದಲನೆಯ ಮಹಾಯುದ್ಧದಲ್ಲಿ ತೋಪುಗಳ ಗುಂಡಿನ ಮಳೆ ನಿಲ್ಲುವ ಕ್ಷಣವನ್ನೂ ಪದಾತಿಗಳು ಮೇಲೇಳುವ ಕ್ಷಣವನ್ನೂ ಗಡಿಯಾರದಿಂದಲೇ ಹೊಂದಿಸಬೇಕಾಗಿ ಬಂದುದರಿಂದ ಕೈಗಡಿಯಾರವು ಸೈನಿಕನ ಸಲಕರಣೆಯಾಯಿತು. ಆ ಕಾಲದ ಗಡಿಯಾರಗಳು ಚಿಕ್ಕ ಜೇಬುಗಡಿಯಾರಕ್ಕೆ ತಂತಿಯ ಕಿವಿಗಳನ್ನು ಬೆಸೆದು ತೊಗಲಿನ ಪಟ್ಟಿಯನ್ನು ಪೋಣಿಸಿದಂತೆ ಇರುತ್ತಿದ್ದವು. ಕತ್ತಲಲ್ಲಿ ಕಾಣಲೆಂದು ಅಂಕಿಗಳಿಗೂ ಮುಳ್ಳುಗಳಿಗೂ ರೇಡಿಯಂ ಬೆರೆಸಿದ ಬಣ್ಣವನ್ನು ಹಚ್ಚುತ್ತಿದ್ದರು. ಗಾಜು ಒಡೆಯದಂತೆ ಕೆಲವಕ್ಕೆ ಲೋಹದ ಜಾಲರಿಯ ಮುಚ್ಚಳವಿರುತ್ತಿತ್ತು.

ಎರಡನೆಯ ಮಹಾಯುದ್ಧದ ವೇಳೆಗೆ ಈ ರೂಪವು ಖಚಿತಗೊಂಡಿತು. ಬ್ರಿಟಿಷ್ ಯುದ್ಧಶಾಖೆಯು ಗೊತ್ತುಪಡಿಸಿದ ಲಕ್ಷಣಗಳಿಗನುಸಾರವಾಗಿ ಹನ್ನೆರಡು ಸ್ವಿಸ್ ಕಂಪೆನಿಗಳು ಮಾಡಿಕೊಟ್ಟು ೧೯೪೫ರ ಹೊತ್ತಿಗೆ ತಲಪಿದ ಗಡಿಯಾರಗಳು ಇದಕ್ಕೆ ಪ್ರಸಿದ್ಧ ನಿದರ್ಶನ. ಕರಿಯ ಡಯಲು, ಬಿಳಿಯ ದೊಡ್ಡ ಅಂಕಿಗಳು, ಹೊಳೆಯುವ ಬಣ್ಣ, ಆರರ ಸ್ಥಾನದಲ್ಲಿ ಸೆಕೆಂಡಿನ ಪುಟ್ಟ ವೃತ್ತ, ಹದಿನೈದು ಹರಳುಗಳ ಯಂತ್ರ, ನೀರು ಸೇರದ ಕವಚ, ಪಟ್ಟಿಗಾಗಿ ಕದಲದಂತೆ ಕೂಡಿಸಿದ ಕಡ್ಡಿ, ಸರಕಾರದ ಸ್ವತ್ತನ್ನು ಸೂಚಿಸುವ ಬಾಣದ ಗುರುತು, ಇವು ಅವುಗಳ ಲಕ್ಷಣಗಳು. ಅಮೆರಿಕದ 'ಎ-೧೧' ಎಂಬ ಮಾದರಿಯಲ್ಲಿ ಸೆಕೆಂಡಿನ ಮುಳ್ಳು ನಡುವಿನಿಂದ ಹೊರಟು, ಕೀಲಿ ಕೊಡುವ ಗುಂಡಿಯನ್ನು ಹೊರಕ್ಕೆಳೆದೊಡನೆ ನಿಲ್ಲುತ್ತಿತ್ತು. ಹಲವರು ತಮ್ಮ ಗಡಿಯಾರಗಳನ್ನು ಒಂದೇ ಸೆಕೆಂಡಿಗೆ ಹೊಂದಿಸಿಕೊಳ್ಳಲು ಇದು ಅಗತ್ಯವಾಗಿತ್ತು. ಜರ್ಮನಿಯ ವೈಮಾನಿಕರ ಗಡಿಯಾರಗಳು ೫೫ ಮಿಲಿಮೀಟರು ವ್ಯಾಸವುಳ್ಳವಾಗಿದ್ದು, ಉಡುಪಿನ ತೋಳಿನ ಮೇಲೆ ಕಟ್ಟಲು ಯೋಗ್ಯವಾಗಿದ್ದವು. ಯುದ್ಧಾನಂತರ ಬ್ರಿಟಿಷ್ ವಿಮಾನದಳಕ್ಕಾಗಿ ಆದ 'ಮಾರ್ಕ್ ೧೧' ಎಂಬ ಗಡಿಯಾರದಲ್ಲಿ, ವಿಮಾನದ ಉಪಕರಣಗಳ ಅಯಸ್ಕಾಂತ ಶಕ್ತಿಯು ತಾಗದಂತೆ ಯಂತ್ರದ ಸುತ್ತ ಮೆದು ಕಬ್ಬಿಣದ ಒಳಕವಚವನ್ನು ಇಟ್ಟಿದ್ದರು.

ಈ ಲಕ್ಷಣಗಳಲ್ಲಿ ಒಂದೂ ಅಲಂಕಾರಕ್ಕಾಗಿ ಹುಟ್ಟಿದ್ದಲ್ಲವೆಂಬುದು ಗಮನಾರ್ಹ. ಬಿಳಿಯ ಡಯಲು ಬಿಸಿಲಿನಲ್ಲಿ ಕಣ್ಣು ಕೋರೈಸುವುದು. ಕರಿದರ ಮೇಲೆ ಬಿಳಿಯ ಅಂಕಿ ಒಡನೆ ಕಾಣುವುದು. ಈ ಮೂಲಲಕ್ಷಣಗಳನ್ನು ನೆನಪಿನಲ್ಲಿಟ್ಟುಕೊಂಡು ಭಾರತದ ಗಡಿಯಾರಗಳನ್ನು ನೋಡತಕ್ಕದ್ದು.

೪. 'ಸವಾರ್' ಎಂಬ ಹೆಸರು

ಭಾರತದಲ್ಲಿ ಸೈನಿಕನ ಹೆಸರನ್ನು ಡಯಲಿನ ಮೇಲೆ ಮೊದಲು ಪ್ರಸಿದ್ಧಗೊಳಿಸಿದ ಕೀರ್ತಿಯು ಸ್ವಿಟ್ಜರ್ಲೆಂಡಿನ ವೆಸ್ಟ್ ಎಂಡ್ ವಾಚ್ ಕಂಪೆನಿಗೆ ಸಲ್ಲತಕ್ಕದ್ದು. ೧೮೮೬ರಲ್ಲಿ ಮುಂಬಯಿಯ ಮಾರುಕಟ್ಟೆಗಾಗಿ ಈ ಹೆಸರಿನ ವ್ಯಾಪಾರವು ಆರಂಭವಾಯಿತು. ಕಲ್ಕತ್ತೆಯಲ್ಲಿಯೂ ಅದರ ಅಂಗಡಿಯಿತ್ತು. ಹೊರಗಿನ ಹೆಸರು ವೆಸ್ಟ್ ಎಂಡ್ ಎಂದಿದ್ದರೂ ಆರಂಭದ ಕಾಲದ ಅನೇಕ ಗಡಿಯಾರಗಳ ಒಳಗಿನ ಯಂತ್ರವು ಲೊಂಜೀನ್ ಕಂಪೆನಿಯದು. ಆ ಕಂಪೆನಿಯು ಮಾರಿದ ಮಾದರಿಗಳಲ್ಲಿ 'ಸವಾರ್ ಪ್ರೈಮಾ' ಎಂಬುದು ಬಹು ಖ್ಯಾತವಾದದ್ದು.

ಸವಾರ್ ಎಂಬುದು ಪಾರಸೀ ಶಬ್ದ. ಬ್ರಿಟಿಷರ ಕಾಲದ ಭಾರತೀಯ ಸೈನ್ಯದಲ್ಲಿ ಅಶ್ವದಳದ ಸಾಮಾನ್ಯ ಸೈನಿಕನ ಪದವಿಗೆ ಅದೇ ಹೆಸರಾಗಿತ್ತು. ಕನ್ನಡದಲ್ಲಿ ರಾಜಪುತ್ರ ಶಬ್ದದಿಂದ ಬಂದ 'ರಾವುತ' ಎಂಬ ಹಳೆಯ ಮಾತಿನ ಪಕ್ಕದಲ್ಲಿ ಸವಾರ, ಸವಾರಿ ಎಂಬ ಮಾತುಗಳು ಬಂದು ನೆಲಸಿದವು. ಮೈಸೂರು ಸಂಸ್ಥಾನದ ಅಶ್ವದಳವು ಜೋಧಪುರದ ಅಶ್ವದಳದೊಡನೆ ೧೯೧೮ನೆಯ ಸೆಪ್ಟೆಂಬರು ೨೩ರಂದು ಹೈಫಾ ಪಟ್ಟಣವನ್ನು ಗೆದ್ದುದು ಚರಿತ್ರಪ್ರಸಿದ್ಧ. ಆದುದರಿಂದ ಆ ಕಾಲದಲ್ಲಿ ಈ ಶಬ್ದವು ಸೈನ್ಯದಲ್ಲಿ ಬಂಧುಗಳಿದ್ದ ಕುಟುಂಬಗಳಿಗೆ ಗೌರವದ ಮಾತಾಗಿ ಕೇಳಿಸಿರಬೇಕೆಂದು ಊಹಿಸಬಹುದು. ವಿದೇಶೀ ವರ್ತಕನು ದೇಶದ ಭಾಷೆಯಿಂದ ಒಂದು ಪದವನ್ನು ಆರಿಸಿ ಡಯಲಿನ ಮೇಲೆ ಬರೆದುದರಲ್ಲಿ ವ್ಯಾಪಾರಚಾತುರ್ಯವು ಸ್ಪಷ್ಟವಾಗಿದೆ. ಹೀಗೆ ಸೈನಿಕರಿಗೂ ನಾಗರಿಕರಿಗೂ ಅಂಗಡಿಯಲ್ಲಿ ಮಾರಿದ ಸವಾರ್ ಗಡಿಯಾರವು ಸಾಮಾನ್ಯವಾಗಿ ಕ್ರೀತ ವರ್ಗಕ್ಕೆ ಸೇರುತ್ತದೆ. ಹೆಸರು ಸೈನಿಕನದಾದ ಮಾತ್ರಕ್ಕೆ ಗಡಿಯಾರವು ಸರಕಾರದ ದತ್ತವೆಂದು ನಿರ್ಣಯಿಸುವುದು ಸಾಧುವಲ್ಲ.

೫. ಬೆಂಗಳೂರಿನ ಕಾರ್ಖಾನೆ

ಸ್ವಾತಂತ್ರ್ಯಾನಂತರ ಭಾರತ ಸರಕಾರವು ೧೯೫೩ರಲ್ಲಿ ಹಿಂದೂಸ್ಥಾನ್ ಮಷೀನ್ ಟೂಲ್ಸ್ ಎಂಬ ಸಂಸ್ಥೆಯನ್ನು ಬೆಂಗಳೂರಿನಲ್ಲಿ ಸ್ಥಾಪಿಸಿತು. ಯಂತ್ರಗಳನ್ನು ಮಾಡುವ ಯಂತ್ರಗಳನ್ನು ತಯಾರಿಸುವುದು ಅದರ ಮೊದಲ ಕೆಲಸ. ಅದಕ್ಕೆ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪೆನಿಯು ಸಹಾಯವಾಗಿತ್ತು. ೧೯೬೧ರಲ್ಲಿ ಇದೇ ಸಂಸ್ಥೆಯು ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಿಂದ ಕೈಗಡಿಯಾರಗಳ ತಯಾರಿಕೆಗೆ ಕೈ ಹಾಕಿತು. ಮೊದಲ ಗಡಿಯಾರಗಳನ್ನು ಪ್ರಧಾನಮಂತ್ರಿ ಜವಾಹರಲಾಲ್ ನೆಹರೂ ಅವರು ಲೋಕಾರ್ಪಣ ಮಾಡಿದರು. ೧೯೭೦ರ ದಶಕದಲ್ಲಿ ಶ್ರೀನಗರದಲ್ಲಿಯೂ ತುಮಕೂರಿನಲ್ಲಿಯೂ, ೧೯೮೦ರ ದಶಕದಲ್ಲಿ ಹಿಮಾಲಯದ ತಪ್ಪಲಿನ ರಾಣಿಬಾಗಿನಲ್ಲಿಯೂ ಕಾರ್ಖಾನೆಗಳಾದವು. ಸಂಸ್ಥೆಯ ಹೆಸರಿನ ಮೂರು ಅಕ್ಷರಗಳಾದ ಎಚ್.ಎಂ.ಟಿ. ಎಂಬುದು ಕೈಗಡಿಯಾರಕ್ಕೆ ಪರ್ಯಾಯಪದವೆಂಬಷ್ಟು ಬಳಕೆಗೆ ಬಂದಿತು.

ಈ ಗಡಿಯಾರಗಳ ಒಳರಚನೆಯನ್ನು ಸ್ವಲ್ಪ ವಿವರಿಸುವುದು ಅವಶ್ಯಕ. ಡಯಲಿನ ಮೇಲೆ ಕಾಣುವ '೧೭ ಜ್ಯುವೆಲ್ಸ್' ಎಂಬ ಬರಹವು ಒಡವೆಯ ಸೂಚನೆಯಲ್ಲ. ಸದಾ ತಿರುಗುವ ಉಕ್ಕಿನ ಮೊನೆಗಳು ಹಿತ್ತಾಳೆಯನ್ನು ಸವೆಯಿಸದಂತೆ ಕೃತಕ ಕೆಂಪು ಹರಳುಗಳಲ್ಲಿ ರಂಧ್ರ ಕೊರೆದು ಆ ಮೊನೆಗಳನ್ನು ಕೂಡಿಸುತ್ತಾರೆ. ಹದಿನೇಳು ಹರಳುಗಳ ವಾಡಿಕೆಯ ವಿನ್ಯಾಸದಲ್ಲಿ, ಅತ್ತಿತ್ತ ಆಡುವ ತೂಗುಚಕ್ರದ ಎರಡು ತುದಿಗಳಿಗೆ ನಾಲ್ಕು, ಅದರ ತಳ್ಳುಗಲ್ಲು ಒಂದು, ಕವಲುಕಡ್ಡಿಯ ಹಲ್ಲುಗಳು ಎರಡು, ಅದರ ಅಚ್ಚಿಗೆ ಎರಡು, ನಾಲ್ಕು ಚಕ್ರಗಳಿಗೆ ಎರಡೆರಡರಂತೆ ಎಂಟು, ಹೀಗೆ ಲೆಕ್ಕವು ಕೂಡಿಬರುತ್ತದೆ. ಬ್ರಿಟಿಷ್ ಸೈನ್ಯವು ಕೇಳಿದ ಹದಿನೈದಕ್ಕಿಂತ ಇದು ಎರಡು ಹೆಚ್ಚು.

ಡಯಲಿನ ಮೇಲಿರುವ 'ಪ್ಯಾರಾಶಾಕ್' ಎಂಬ ಇನ್ನೊಂದು ಮಾತು ಸಿಟಿಜನ್ ಕಂಪೆನಿಯು ೧೯೫೬ರಲ್ಲಿ ಬಳಕೆಗೆ ತಂದ ಆಘಾತರಕ್ಷಣೆಯ ಹೆಸರು. ತೂಗುಚಕ್ರದ ಅಚ್ಚಿನ ಮೊನೆಯು ಕೂದಲೆಳೆಯಷ್ಟು ಸಣ್ಣದಾಗಿರುವುದರಿಂದ ಗಡಿಯಾರವು ಕೆಳಕ್ಕೆ ಬಿದ್ದರೆ ಮೊದಲು ಮುರಿಯುವುದು ಅದೇ. ಅದನ್ನು ಹೊತ್ತ ಹರಳನ್ನು ಸಣ್ಣದೊಂದು ಸ್ಪ್ರಿಂಗಿನ ಹಿಡಿತದಲ್ಲಿ ಕೂಡಿಸಿದರೆ ಪೆಟ್ಟು ಬಿದ್ದಾಗ ಹರಳು ಜರುಗಿ ಮತ್ತೆ ತನ್ನ ಸ್ಥಾನಕ್ಕೆ ಬರುವುದು. ಹೀಗೆ ಬಾಳಿಕೆ ಬರುವ ಯಂತ್ರವು ಜನಸಾಮಾನ್ಯರ ಗಡಿಯಾರದಲ್ಲಿಯೇ ಇದ್ದುದರಿಂದ, ಅದಕ್ಕೆ ಸೈನಿಕ ರೂಪವನ್ನು ಕೊಡಲು ಡಯಲು, ಮುಳ್ಳು, ಕವಚಗಳ ಮಾರ್ಪಾಟು ಬಹುಮಟ್ಟಿಗೆ ಸಾಕಾಗುತ್ತಿತ್ತು.

೬. 'ಜವಾನ್' ಮತ್ತು 'ಪೈಲಟ್'

ಎಚ್.ಎಂ.ಟಿ. ಗಡಿಯಾರಗಳ ಹೆಸರುಗಳು ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯವಾಗಿವೆ. ಸಿಟಿಜನ್, ಜನತಾ, ಸುಜಾತಾ, ಸೋನಾ, ಕೊಹಿನೂರ್, ಕಾಂಚನ್ ಮುಂತಾದ ಈ ಹೆಸರುಗಳು ಪೌರನನ್ನೂ ಜನಸಮೂಹವನ್ನೂ ಚಿನ್ನವನ್ನೂ ಮನೆಯ ಹೆಣ್ಣುಮಗಳನ್ನೂ ನೆನಪಿಗೆ ತರುತ್ತವೆ. ಇವುಗಳ ನಡುವೆ ಸೈನಿಕಚ್ಛಾಯೆಯುಳ್ಳ ಎರಡು ಹೆಸರುಗಳು ಸಂಗ್ರಾಹಕರಲ್ಲಿ ಮುಖ್ಯವಾಗಿವೆ: ಜವಾನ್ ಮತ್ತು ಪೈಲಟ್.

ಜವಾನ್ ಗಡಿಯಾರವು ಕೈಯಿಂದ ಕೀಲಿ ಕೊಡುವ, ಹದಿನೇಳು ಹರಳುಗಳ ಗಡಿಯಾರ. ಹನ್ನೆರಡು ಅಂಕಿಗಳ ಒಳಗಡೆ ಹದಿಮೂರರಿಂದ ಇಪ್ಪತ್ತನಾಲ್ಕರವರೆಗಿನ ಅಂಕಿಗಳ ಇನ್ನೊಂದು ಸಣ್ಣ ವಲಯವಿರುವುದು ಇದರ ಮುಖ್ಯ ಲಕ್ಷಣ. ಸೈನ್ಯದಲ್ಲಿ ಮಧ್ಯಾಹ್ನ ಎರಡನ್ನು ಹದಿನಾಲ್ಕು ಎಂದೇ ಹೇಳುವ ಪದ್ಧತಿಗೆ ಈ ವಲಯವು ಅನುಗುಣವಾಗಿದೆ. ಕರಿಯ ಡಯಲಿನ ಪ್ರತಿಗಳೂ ಬಿಳಿಯ ಡಯಲಿನ ಪ್ರತಿಗಳೂ ಕಾಣಬರುತ್ತವೆ. ಪೈಲಟ್ ಗಡಿಯಾರದಲ್ಲಿ ಒಳವಲಯವಿಲ್ಲ; ಕರಿಯ ಡಯಲು, ಸ್ಪಷ್ಟವಾದ ಹನ್ನೆರಡು ಅಂಕಿಗಳು, ಅಂಚಿನಲ್ಲಿ ನಿಮಿಷಗಳ ಗೆರೆ, ಇವು ಅದರ ಲಕ್ಷಣಗಳು. ಅದರ ವ್ಯಾಸವು ಸುಮಾರು ೩೫ ಮಿಲಿಮೀಟರು. ಜರ್ಮನ್ ವೈಮಾನಿಕರ ಗಡಿಯಾರದ ಗಾತ್ರವಾಗಲಿ, 'ಮಾರ್ಕ್ ೧೧'ರ ಕಬ್ಬಿಣದ ಒಳಕವಚವಾಗಲಿ ಇದರಲ್ಲಿಲ್ಲ. ಅಂದರೆ ಪೈಲಟ್ ಎಂಬುದು ಅನುಕೃತ ವರ್ಗದ ಶುದ್ಧ ನಿದರ್ಶನ: ಯುದ್ಧಕಾಲದ ರೂಪವು ಇಲ್ಲಿ ಶಾಂತಿಕಾಲದ ಉಪಾಧ್ಯಾಯನ, ಗುಮಾಸ್ತನ, ವಿದ್ಯಾರ್ಥಿಯ ಕೈಗೆ ಬಂದಿದೆ. ಜವಾನ್ ಗಡಿಯಾರದ ವಿಷಯದಲ್ಲಿ ಮಾತ್ರ ನಿರ್ಣಯವನ್ನು ಪ್ರತಿಯೊಂದು ಪ್ರತಿಗೂ ಬೇರೆಯಾಗಿ ಮಾಡತಕ್ಕದ್ದು. ಸೈನ್ಯದಲ್ಲಿ ಬಳಕೆಯಾದ ಪ್ರತಿ, ಅಂಗಡಿಯಲ್ಲಿ ಕೊಂಡ ಪ್ರತಿ, ಇವನ್ನು ಹೆಸರೊಂದರಿಂದಲೇ ಬೇರ್ಪಡಿಸುವುದು ಅಸಾಧ್ಯ.

'ಜವಾನ್' ಎಂಬ ಶಬ್ದವು ಕನ್ನಡ ವಿದ್ವಾಂಸರಿಗೆ ವಿಶೇಷ ಕುತೂಹಲವನ್ನು ಹುಟ್ಟಿಸತಕ್ಕದ್ದು. ಇದು ಸಂಸ್ಕೃತದ 'ಯುವನ್' ಶಬ್ದಕ್ಕೆ ಸಗೋತ್ರವಾದ ಪಾರಸೀ ಶಬ್ದ, ಮೂಲಾರ್ಥವು ತರುಣ. ಹಿಂದಿಯಲ್ಲಿ ಅದಕ್ಕೆ ಸೈನಿಕನೆಂಬ ಅರ್ಥವು ಬಲವಾಗಿ ನಿಂತಿತು. ೧೯೬೫ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಜವಾನನಿಗೂ ಕಿಸಾನನಿಗೂ ಜಯಘೋಷವನ್ನು ಕೊಟ್ಟ ಮೇಲೆ ಅದು ದೇಶದಲ್ಲೆಲ್ಲ ಮೊಳಗಿತು. ಕನ್ನಡದಲ್ಲಿಯಾದರೋ ಜವಾನನೆಂದರೆ ಕಚೇರಿಯ ಬಾಗಿಲಲ್ಲಿ ನಿಂತು ಕಾಗದಗಳನ್ನು ಒಯ್ಯುವ ನೌಕರ. ಇದು ಒಂಟಿ ಉದಾಹರಣೆಯಲ್ಲ. ಅಶ್ವದಳದ ಒಂದು ಪದವಿಯ ಹೆಸರಾದ 'ದಫೇದಾರ್' ಎಂಬುದು ಕನ್ನಡ ನಾಡಿನಲ್ಲಿ ಜಿಲ್ಲಾಧಿಕಾರಿಯ ಮುಂದೆ ನಡೆಯುವ ರುಮಾಲಿನ ಸೇವಕನಿಗೆ ಸಂದಿತು. ದಂಡಿನ ಮಾತುಗಳು ಪಾಳೆಯವನ್ನು ಬಿಟ್ಟು ಕಚೇರಿಯನ್ನು ಸೇರಿದ ಈ ದಾರಿಯನ್ನೇ ಡಯಲಿನ ರೂಪವೂ ಅನುಸರಿಸಿತು. ಕಂದಕದ ಕತ್ತಲೆಗಾಗಿ ಹುಟ್ಟಿದ ಕರಿಯ ಡಯಲು ಬಸ್ಸಿಗೆ ಕಾಯುವವನ ಮುಂಗೈಯ ಮೇಲೆ ನೆಲೆಸಿತು. ಅರ್ಥಾಂತರವನ್ನು ಹೊಂದಿದ ಪದವನ್ನು ನಿಘಂಟುಕಾರನು ಅಶುದ್ಧವೆಂದು ಎಸೆಯುವುದಿಲ್ಲ; ಅರ್ಥವು ಬದಲಾದ ಕಾಲವನ್ನೂ ಕಾರಣವನ್ನೂ ಹುಡುಕುತ್ತಾನೆ. ಅನುಕೃತ ವರ್ಗದ ಗಡಿಯಾರಗಳನ್ನೂ ಹಾಗೆಯೇ ನೋಡತಕ್ಕದ್ದು. ಸ್ವತಂತ್ರ ಭಾರತದ ಸರಕಾರೀ ಕಾರ್ಖಾನೆಯೊಂದು ಸೈನಿಕನ ಗಡಿಯಾರವನ್ನು ಪೌರನ ಗಡಿಯಾರವಾಗಿ ಮಾಡಿದುದೇ ಅವುಗಳ ಚಾರಿತ್ರಿಕ ಮಹತ್ತ್ವ.

೭. ಪಾಠಾಂತರಗಳೂ ಪ್ರಕ್ಷೇಪಗಳೂ

ಒಂದೇ ಹೆಸರಿನ ಗಡಿಯಾರಗಳಲ್ಲಿ ಕಾಣುವ ಭೇದಗಳು ಎರಡು ಬಗೆ. ಕಾರ್ಖಾನೆಯಲ್ಲಿಯೇ ಕಾಲಕಾಲಕ್ಕೆ ಆದ ಮಾರ್ಪಾಟುಗಳು ಪಾಠಾಂತರಗಳು. ಹೆಸರನ್ನು ಬರೆದ ಅಕ್ಷರಶೈಲಿ, ರೋಮನ್ ಲಿಪಿ ಅಥವಾ ದೇವನಾಗರಿ, ಅಂಕಿಗಳ ದಪ್ಪ, ಮುಳ್ಳಿನ ಆಕಾರ, ಡಯಲಿನ ಕೆಳತುದಿಯ ಬರಹ, ಹೊಳೆಯುವ ಬಣ್ಣವಿದೆಯೆ ಇಲ್ಲವೆ ಎಂಬುದು, ಕವಚವು ಉಕ್ಕಿನದೋ ಮುಲಾಮು ಮಾಡಿದ ಹಿತ್ತಾಳೆಯದೋ ಎಂಬುದು, ಇವುಗಳನ್ನು ಈ ದೃಷ್ಟಿಯಿಂದ ಪರಿಶೀಲಿಸತಕ್ಕದ್ದು.

ಕಾರ್ಖಾನೆಯ ಹೊರಗೆ ಆದ ಮಾರ್ಪಾಟುಗಳು ಪ್ರಕ್ಷೇಪಗಳು. ಹಳೆಯ ಡಯಲು ಕಲೆಗಟ್ಟಿದಾಗ ಅದರ ಬಣ್ಣವನ್ನು ಪೂರ್ತಿಯಾಗಿ ಕೆರೆದು, ಹೊಸ ಬಣ್ಣವನ್ನು ಬಳಿದು, ಅಂಕಿಗಳನ್ನೂ ಹೆಸರನ್ನೂ ಮತ್ತೆ ಅಚ್ಚೊತ್ತುವ ವೃತ್ತಿಯು ಭಾರತದಲ್ಲಿ ಬಹುಕಾಲದಿಂದ ನಡೆದುಬಂದಿದೆ. ಹೀಗೆ ಹೊಸದಾದ ಡಯಲಿಗೆ ಬೇರೊಂದು ಗಡಿಯಾರದ ಮುಳ್ಳುಗಳನ್ನೂ, ಮತ್ತೊಂದರ ಗುಂಡಿಯನ್ನೂ, ಇನ್ನೊಂದರ ಕವಚವನ್ನೂ ಕೂಡಿಸಿದ ಗಡಿಯಾರಗಳನ್ನು ವಿದೇಶದ ಸಂಗ್ರಾಹಕರು 'ಮುಂಬಯಿ ಸ್ಪೆಷಲ್' ಎಂದು ಹಾಸ್ಯವಾಗಿ ಕರೆಯುವರು. ಸವಾರ್ ಪ್ರೈಮಾಕ್ಕೂ ಪೈಲಟ್‌ಗೂ ಈ ಗತಿಯು ವಿಶೇಷವಾಗಿ ಒದಗಿದೆ. ಕಾರ್ಖಾನೆಯು ಎಂದೂ ಮಾಡದ ಕೇಸರಿ, ಹಸುರು, ನೀಲಿ ಬಣ್ಣದ ಡಯಲುಗಳೂ, ಸೈನ್ಯದ ಹೆಸರನ್ನೋ ಬಾಣದ ಗುರುತನ್ನೋ ದೊಡ್ಡದಾಗಿ ಬರೆದ ಡಯಲುಗಳೂ ಹೀಗೆ ಹುಟ್ಟಿದವು.

ಇಲ್ಲಿ ವೃತ್ತಿಗಾರನಿಗೆ ಅನ್ಯಾಯವಾಗದಂತೆ ಮಾತನಾಡಬೇಕಾಗಿದೆ. ಬಿಡಿಭಾಗಗಳು ದೊರೆಯದ ಕಾಲದಲ್ಲಿ ಗಿರಾಕಿಯ ತಂದೆಯ ಗಡಿಯಾರವನ್ನು ಮತ್ತೆ ನಡೆಯಿಸಿಕೊಟ್ಟವನು ಮೋಸಗಾರನಲ್ಲ. ಶಿಥಿಲವಾದ ದೇವಾಲಯಕ್ಕೆ ಸುಣ್ಣ ಬಳಿಯಿಸಿ ಜೀರ್ಣೋದ್ಧಾರ ಮಾಡಿದವನ ಭಕ್ತಿಯಲ್ಲಿ ಕೊರತೆಯಿಲ್ಲ. ಆದರೆ ಆ ಸುಣ್ಣದ ಕೆಳಗೆ ಶಾಸನವಿದ್ದರೆ ಚರಿತ್ರೆಗೆ ನಷ್ಟ. ದುರಸ್ತಿಯನ್ನು ದುರಸ್ತಿಯೆಂದು ಹೇಳದೆ, ಹೊಸ ಬಣ್ಣವನ್ನು ಹಳೆಯ ಸಾಕ್ಷ್ಯವೆಂದು ಮಾರಿದಾಗಲೇ ವಂಚನೆಯು ಆರಂಭವಾಗುವುದು.

ಗಂಗರ ತಾಮ್ರಪಟಗಳ ವಿಷಯದಲ್ಲಿ ಫ್ಲೀಟರಿಗೂ ರೈಸರಿಗೂ ನಡೆದ ವಾದವು ಇಲ್ಲಿ ಸ್ಮರಣೀಯ. ಅವುಗಳಲ್ಲಿ ಹಲವು ಕೂಟಶಾಸನಗಳೆಂದು ಫ್ಲೀಟರು ವಾದಿಸಿದರು. ರೈಸರು ಅವುಗಳನ್ನು ಚರಿತ್ರೆಯ ಆಧಾರಗಳೆಂದು ಸಮರ್ಥಿಸಿದರು. ವಾದವು ಏನೇ ಇರಲಿ, ಅದರಿಂದ ಒಂದು ಪದ್ಧತಿಯು ಸ್ಥಿರಪಟ್ಟಿತು: ಲೇಖದ ಹೇಳಿಕೆಯನ್ನು ನಂಬುವ ಮೊದಲು ಲಿಪಿ, ಭಾಷೆ, ಕಾಲಗಣನೆ, ಲೋಹ, ಮುದ್ರೆ ಇವು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡುವುದು. ಗಡಿಯಾರಕ್ಕೂ ಇದೇ ಪದ್ಧತಿಯು ಸಲ್ಲುತ್ತದೆ. ಡಯಲಿನ ಅಕ್ಷರಗಳ ಅಂಚು ಹರಡಿಕೊಂಡಿದೆಯೇ ಚೊಕ್ಕಟವಾಗಿದೆಯೇ? ನಿಮಿಷದ ಗೆರೆಗಳು ಅಂಕಿಗಳಿಗೆ ಸರಿಯಾಗಿ ಎದುರಾಗಿವೆಯೇ? ಸೆಕೆಂಡಿನ ಸಣ್ಣ ವೃತ್ತದ ನಟ್ಟನಡುವೆಯೇ ಮುಳ್ಳು ಕುಳಿತಿದೆಯೇ? ಕವಚವು ತೀರ ಸವೆದಿದ್ದು ಡಯಲು ಮಾತ್ರ ನಿನ್ನೆ ಮಾಡಿದಂತೆ ಹೊಳೆಯುತ್ತಿದೆಯೇ? ಗುಂಡಿಯನ್ನೆಳೆದಾಗ ಸೆಕೆಂಡಿನ ಮುಳ್ಳು ನಿಲ್ಲುತ್ತದೆಯೇ? ಯಂತ್ರದ ಮೇಲೆ ಕೊರೆದ ಸಂಖ್ಯೆಯು ಅದೇ ಹೆಸರಿನ ಇತರ ಪ್ರತಿಗಳ ಸಂಖ್ಯೆಯೊಡನೆ ಹೊಂದುತ್ತದೆಯೇ? ಇವುಗಳಲ್ಲಿ ಯಾವುದೊಂದೂ ತಾನಾಗಿ ನಿರ್ಣಾಯಕವಲ್ಲ. ಎಲ್ಲವೂ ಕೂಡಿ ಸಾಕ್ಷ್ಯವಾಗುತ್ತವೆ. ಹಿಂಮುಚ್ಚಳದ ಮೇಲಿನ ಕೆತ್ತನೆಯನ್ನು ಎಲ್ಲಕ್ಕಿಂತ ಕಡೆಯಲ್ಲಿ ನಂಬತಕ್ಕದ್ದು. ಏಕೆಂದರೆ ಯಂತ್ರವನ್ನು ಬದಲಾಯಿಸುವುದಕ್ಕಿಂತ ಮುಚ್ಚಳದ ಮೇಲೆ ಅಂಕಿಗಳನ್ನು ಕೊರೆಯುವುದು ಸುಲಭ.

ರೇಡಿಯಂ ಬಣ್ಣವುಳ್ಳ ಹಳೆಯ ವಿದೇಶೀ ಗಡಿಯಾರಗಳ ವಿಷಯದಲ್ಲಿ ಒಂದು ಎಚ್ಚರಿಕೆಯು ಅವಶ್ಯಕ. ಕೆಲವು ದಶಕಗಳಲ್ಲಿ ಬಣ್ಣದ ಹೊಳಪು ನಂದಿಹೋದರೂ ರೇಡಿಯಂ ಸತ್ತ್ವವು ಅರ್ಧವಾಗಲು ಸುಮಾರು ೧೬೦೦ ವರ್ಷಗಳು ಬೇಕು. ಆ ಬಣ್ಣವನ್ನು ಕೆರೆದು ಧೂಳೆಬ್ಬಿಸುವುದು ದೇಹಕ್ಕೆ ಹಾನಿಕರ, ಸಾಕ್ಷ್ಯಕ್ಕೂ ಹಾನಿಕರ.

೮. ಉಪಸಂಹಾರ

ಕೈಗಡಿಯಾರಗಳ ಅಧೀನಸಂಸ್ಥೆಗಳನ್ನು ಮುಚ್ಚಲು ಕೇಂದ್ರ ಮಂತ್ರಿಮಂಡಲವು ೨೦೧೬ನೆಯ ಜನವರಿಯಲ್ಲಿ ಒಪ್ಪಿಗೆಯನ್ನಿತ್ತಿತು. ಹತ್ತು ಕೋಟಿಗೂ ಮಿಕ್ಕು ಗಡಿಯಾರಗಳನ್ನು ಜನರ ಕೈಗಿತ್ತ ಉದ್ಯಮವು ಹೀಗೆ ಚರಿತ್ರೆಗೆ ಸೇರಿತು. ಬೆಂಗಳೂರಿನ ಜಾಲಹಳ್ಳಿಯಲ್ಲಿ ೨೦೧೯ರಲ್ಲಿ ತೆರೆದ ವಸ್ತುಸಂಗ್ರಹಾಲಯವು ಸ್ತುತ್ಯವಾದ ಕಾರ್ಯ. ಆದರೆ ವಸ್ತುವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಮಾತ್ರಕ್ಕೆ ಅದರ ಚರಿತ್ರೆಯು ಉಳಿಯುವುದಿಲ್ಲ. ಯಾವ ಡಯಲು ಯಾವಾಗ ಬದಲಾಯಿತು, ಜವಾನ್ ಗಡಿಯಾರಗಳು ಯಾರಿಗೆ ಹೇಗೆ ಹೋದವು ಎಂಬುದನ್ನು ಕಂಡು ಬಲ್ಲವರು ಆ ಕಾರ್ಖಾನೆಗಳಲ್ಲಿ ದುಡಿದವರು. ಅವರಲ್ಲಿ ಬಹುಮಂದಿ ವೃದ್ಧರಾಗಿದ್ದಾರೆ. ಬೆಂಗಳೂರು ತುಮಕೂರುಗಳ ಕಾರ್ಮಿಕರು ಸೂಕ್ಷ್ಮವಾದ ಬಿಡಿಭಾಗಗಳಿಗೂ ಕೆಲಸದ ಹಂತಗಳಿಗೂ ತಮ್ಮೊಳಗೆ ಬಳಸಿದ ಮಾತುಗಳು ಕನ್ನಡದ ವೃತ್ತಿಪದಕೋಶಕ್ಕೆ ಸೇರತಕ್ಕವು; ಅವನ್ನು ಕೇಳಿ ಬರೆದಿಡುವ ಕಾಲವು ದಿನೇ ದಿನೇ ಕಡಿಮೆಯಾಗುತ್ತಿದೆ.

ಸಂಗ್ರಾಹಕನೂ ತನ್ನ ಪಾಲಿನ ಕರ್ತವ್ಯವನ್ನು ಮಾಡಬಹುದು. ಗಡಿಯಾರವು ದೊರೆತೊಡನೆ ಅದನ್ನು ಹೊಸದಾಗಿಸುವ ಮೊದಲು ಡಯಲು, ಹಿಂಮುಚ್ಚಳ, ಯಂತ್ರ ಇವುಗಳ ಛಾಯಾಚಿತ್ರವನ್ನು ತೆಗೆದಿಡಬೇಕು. ಎಲ್ಲಿ ದೊರೆಯಿತು, ಯಾರು ಕಟ್ಟುತ್ತಿದ್ದರು, ಏನೇನು ದುರಸ್ತಿಯಾಯಿತು ಎಂಬುದನ್ನು ಬರೆದಿಡಬೇಕು. ಬದಲಾಯಿಸಿದ ಮುಳ್ಳು, ಗುಂಡಿ, ಡಯಲುಗಳನ್ನು ಎಸೆಯದೆ ಜೊತೆಯಲ್ಲಿಯೇ ಇಡಬೇಕು. ದತ್ತ, ಕ್ರೀತ, ಅನುಕೃತ ಎಂಬ ಮೂರರಲ್ಲಿ ತನ್ನ ಪ್ರತಿಯು ಯಾವುದಕ್ಕೆ ಸೇರುವುದೆಂಬುದನ್ನು ಆಶೆಯಿಂದ ನಿರ್ಣಯಿಸದೆ ಆಧಾರದಿಂದ ನಿರ್ಣಯಿಸಬೇಕು. ಆಧಾರವು ಸಾಲದಿದ್ದರೆ ಹಾಗೆಂದೇ ಬರೆಯಬೇಕು.

ನಿವೃತ್ತನಾದ ಸುಬೇದಾರನೊಬ್ಬನ ಮನೆಯಲ್ಲಿ, ಡಯಲು ಮಾಸಿ, ಗಾಜು ಗೀರುಬಿದ್ದು, ಕಟ್ಟಿದವನ ಹೆಸರಿನೊಡನೆ ಉಳಿದ ಒಂದು ಜವಾನ್ ಗಡಿಯಾರವು, ಊರು ಹೆಸರಿಲ್ಲದೆ ಥಳಥಳಿಸುವ ಹತ್ತು ಗಡಿಯಾರಗಳಿಗಿಂತ ಚರಿತ್ರಕಾರನಿಗೆ ಹೆಚ್ಚಿನದು. ಅಂಥವು ಇನ್ನೂ ಅನೇಕ ಮನೆಗಳ ಪೆಟ್ಟಿಗೆಗಳಲ್ಲಿ ಇರಬಹುದು. ಬಣ್ಣ ಬಳಿಯುವವನ ಕುಂಚವು ತಾಗುವ ಮೊದಲು ಅವುಗಳನ್ನು ಗುರುತಿಸಿ ದಾಖಲೆ ಮಾಡುವುದು ಈಗ ಆಗಬೇಕಾದ ಕಾರ್ಯ.